ಹತ್ತಿರದ್ದಕ್ಕೆ ಹೊರಗೆ, ದೂರದ್ದಕ್ಕೆ ಒಳಗೆ

ಮಣಿಪಾಲದ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು ಕುಕ್ಕುಂದೂರಿನವಳು. ಅವಳ ಮನೆಮಾತು ಕೊಂಕಣಿ, ನನ್ನದು ತುಳು. ಹಾಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲೇ. ದೂರದರ್ಶಕದ ಹಿಂಬದಿಗೆ ಕ್ಯಾಮೆರಾ ಸಿಕ್ಕಿಸಿ ಚಂದ್ರನ ಫೋಟೋ ತೆಗೆಯುವುದು ಅವಳ ಹುಚ್ಚು. ಒಂದು ಭಾನುವಾರ, ಇನ್ನೂ ಬಿಸಿಲಿರುವಾಗಲೇ, ನನ್ನನ್ನೂ ಕಾಪು ಕಡಲತೀರಕ್ಕೆ ಎಳೆದುಕೊಂಡು ಹೋದಳು. ಅರ್ಧಚಂದ್ರ ಆಗಲೇ ಆಕಾಶದಲ್ಲಿದ್ದ.

ಮೊದಲು ದೀಪಸ್ತಂಭವನ್ನು ನೋಡಿದೆವು. ಅದು ಸ್ಪಷ್ಟವಾಗಲು ಅವಳು ತಿರುಗಣೆ ತಿರುಗಿಸಿ, ಕ್ಯಾಮೆರಾ ಸಮೇತ ಹಿಂದಿನ ಕೊಳವೆಯನ್ನು ಹೊರಗೆ ತಂದಳು. ಚಂದ್ರನ ಸರದಿ ಬಂದಾಗ ಅದನ್ನೇ ಒಳಗೆ ತಳ್ಳಿದಳು. ದೂರದ್ದನ್ನು ನೋಡಲಲ್ಲವೇ ಕೊಳವೆ ಉದ್ದವಾಗಬೇಕಾದದ್ದು? ಕೇಳೋಣವೆಂದರೆ ಅವಳು ನೀರು ತರಲು ಹೋಗಿಯಾಗಿತ್ತು.

ಸುಮ್ಮನಿರಲಾರದೆ ದೂರದರ್ಶಕವನ್ನು ಕಡಲಿನ ಕಡೆ ತಿರುಗಿಸಿದೆ. ಕ್ಯಾಮೆರಾದ ಪರದೆಯಲ್ಲಿ ಮಸುಕಾದ ದೋಣಿ. ಅದರ ಮೇಲೆ ಏನೋ ಕೆಂಪಗೆ ಅಲುಗುತ್ತಿತ್ತು. ದೋಣಿ ದೂರದಲ್ಲಿದೆಯಲ್ಲ ಎಂದು ಕೊಳವೆಯನ್ನು ಇನ್ನೂ ಒಳಗೆ ತಳ್ಳಿದೆ. ದೋಣಿಯೇ ಕರಗಿಹೋಯಿತು.

"ಬೇಗ ಬಾ ಮಾರಾಯ್ತಿ! ಅಲ್ಲಿ ಯಾರೋ ಕರೆಯುವ ಹಾಗೆ ಉಂಟು!"

ಓಡಿ ಬಂದವಳು ಪರದೆ ನೋಡಿದಳು. "ನೀನು ಎಂತ ಮಾಡಿದ್ದು? ದೋಣಿ ಚಂದ್ರನಿಗಿಂತ ಹತ್ತಿರ ಅಲ್ವಾ? ಹತ್ತಿರದ್ದಕ್ಕೆ ಹೊರಗೆ!" ಎಂದು ತಿರುಗಣೆಯನ್ನು ಸ್ವಲ್ಪವೇ ಹಿಂದಕ್ಕೆ ತಿರುಗಿಸಿದಳು. ದೋಣಿ ಕಣ್ಣೆದುರಿಗೇ ಬಂದು ನಿಂತಂತಾಯಿತು. ಅದರಲ್ಲಿ ಇಬ್ಬರಿದ್ದರು. ಒಬ್ಬ ಎಂಜಿನ್ ಮೇಲೆ ಬಗ್ಗಿದ್ದ, ಇನ್ನೊಬ್ಬ ಕೆಂಪು ಬಟ್ಟೆ ಬೀಸುತ್ತಿದ್ದ.

ದಡದಲ್ಲಿ ಬಲೆ ಸರಿಮಾಡುತ್ತಿದ್ದವರಿಗೆ ಪರದೆ ತೋರಿಸಿದೆವು. ಅವರು ಹಗ್ಗ ಎತ್ತಿಕೊಂಡು ತಮ್ಮ ದೋಣಿಯಲ್ಲಿ ಹೊರಟರು. ಸೂರ್ಯ ಮುಳುಗುವ ಮೊದಲೇ ಆ ದೋಣಿಯನ್ನು ಎಳೆದು ತಂದರು.

"ಬಟ್ಟೆ ಬೀಸಿದ್ದು ನೀವೇ ಅಲ್ವಾ?" ಎಂದು ಕೇಳಿದೆ.

ಅವನು ನಕ್ಕ. "ನಾನು ಒದ್ದೆ ಅಂಗಿ ಒಣಗಿಸಿದ್ದು ಅಕ್ಕ."

ಎಂಜಿನ್ ಹತ್ತಿರವಿದ್ದವನು ನಗಲಿಲ್ಲ. "ಎಂಜಿನ್ ನಿಂತದ್ದು ಹೌದು," ಎಂದಷ್ಟೇ ಹೇಳಿ ನಮ್ಮಿಬ್ಬರಿಗೂ ಕೈಮುಗಿದ. ಯಾರ ಮಾತನ್ನು ನಂಬಬೇಕೋ ತಿಳಿಯಲಿಲ್ಲ.

ಉಡುಪಿಯ ಬಸ್ಸಿನಲ್ಲಿ ಅವಳು ಸಾವಧಾನವಾಗಿ ವಿವರಿಸಿದಳು. ಹತ್ತಿರದ ವಸ್ತುವಿನ ಬೆಳಕು ಹರಡುತ್ತಾ ಬರುತ್ತದೆ. ಅದನ್ನು ಒಂದೆಡೆ ಸೇರಿಸಲು ಲೆನ್ಸಿಗೆ ಹೆಚ್ಚು ಜಾಗ ಬೇಕು, ಅದಕ್ಕೇ ಕ್ಯಾಮೆರಾ ಹಿಂದಕ್ಕೆ ಸರಿಯಬೇಕು. ದೂರದ್ದರ ಬೆಳಕು ಹೆಚ್ಚುಕಡಿಮೆ ಸಮಾನಾಂತರವಾಗಿ ಬಂದು ಬೇಗ ಸೇರುತ್ತದೆ.

"ಹಾಗಾದರೆ ನಕ್ಷತ್ರಕ್ಕೆ ಇನ್ನೂ ಒಳಗೆ ತಳ್ಳಬೇಕಾ?"

"ಬೇಡ. ಚಂದ್ರನಿಗೆ ಇಟ್ಟಲ್ಲೇ ಇಟ್ಟರೆ ಸಾಕು. ಅಷ್ಟು ದೂರ ಹೋದ ಮೇಲೆ ಲೆನ್ಸಿಗೆ ಎಲ್ಲವೂ ಒಂದೇ."

ನಾನು ತಲೆಯಾಡಿಸಿದೆ. ಎಲ್ಲಿಯ ಚಂದ್ರ, ಎಲ್ಲಿಯ ನಕ್ಷತ್ರ, ಎರಡೂ ಒಂದೇ ಹೇಗಾಗುತ್ತವೆ?

"ಅರ್ಥ ಆಯ್ತಾ?" ಎಂದಳು.

"ದೋಣಿಯದ್ದು ಆಯ್ತು," ಎಂದೆ.