ಪರೇಲಿನ ಗಣತಿಯ ಸುಲಭಾಬಾಯಿ

ಪರೇಲಿನ ಚಾಳುಗಳಲ್ಲಿ, ಗಿರಣಿ ಕಾರ್ಮಿಕರ ಆ ಹಳೆಯ ವಠಾರಗಳಲ್ಲಿ, ಜನಗಣತಿ ಬಂತೆಂದರೆ ಮುನಿಸಿಪಾಲಿಟಿ ಶಾಲೆಯ ಟೀಚರ್ ಸುಲಭಾಬಾಯಿ ಬಂದರೆಂದೇ ಅರ್ಥ. ಇದು ಅವರ ಮೂರನೆಯ ಗಣತಿ. ಮೆಟ್ಟಿಲುಗಳು ಅಷ್ಟೇ ಇವೆ, ಮಂಡಿಗಳು ಮಾತ್ರ ಮೊದಲಿನವಲ್ಲ. ಬಾಗಿಲಲ್ಲಿ ಚೀಲ ಇಳಿಸಿ, ಏದುಸಿರಿನಲ್ಲೇ "ಎಷ್ಟು ಜನ?" ಎನ್ನುವರು. "ರೇಷನ್ ಕಾರ್ಡಲ್ಲಿ ಐದು, ಮಲಗೋಕೆ ಒಂಬತ್ತು. ನಿಮಗೆ ಯಾವ್ದು ಬೇಕು ಬಾಯಿ?" ಎಂದು ಹೆಂಗಸರು ನಗುವರು. ಯಾರು ಚಹಾ ಕೊಟ್ಟರೂ ಅರ್ಧ ಕುಡಿದು, "ಇನ್ನೂ ನಲವತ್ತು ಬಾಗಿಲಿದೆ ತಾಯಿ" ಎಂದು ಗೋಡೆ ಹಿಡಿದು ಮುಂದೆ ಹೋಗುವರು. ಈ ಸಲ ಮೂರನೆಯ ಮಹಡಿಯ ಕೊನೆಯ ಖೋಲಿಯಲ್ಲಿ, ಮುಚ್ಚಿಹೋದ ಬಟ್ಟೆ ಗಿರಣಿಯ ಮುದಿ ಕಾರ್ಮಿಕ ಧಾಕೂ ಘಾಗ್ ಒಬ್ಬರೇ ಇದ್ದರು. "ಹನ್ನೆರಡು ಅಂತ ಬರ್ಕೊಳ್ಳಿ" ಎಂದರು. "ಈಗ ಇರೋರನ್ನ ಹೇಳಿ ಕಾಕಾ." "ಕೊಂಕಣದಿಂದ ಹನ್ನೆರಡು ಜನ ಬಂದ್ವಿ ಬಾಯಿ. ಪಾಳಿ ಹಚ್ಕೊಂಡು ಇದೇ ನೆಲದ ಮೇಲೆ ಮಲಗ್ತಿದ್ವಿ. ಗಿರಣಿ ಮುಚ್ಚಿದ್ಮೇಲೆ ಕೆಲವ್ರು ಊರಿಗೆ ಹೋದ್ರು, ಉಳಿದೋರು ಸತ್ತೇ ಹೋದ್ರು. ನಾನೂ ಹೋದ್ರೆ ಅವ್ರ ಹೆಸರು ಹೇಳೋಕೆ ಯಾರಿದಾರೆ?" ಸುಲಭಾಬಾಯಿ ನಮೂನೆಯಲ್ಲಿ ಒಂದು ಎಂದೇ ಬರೆದು, ಅದನ್ನು ಚೀಲಕ್ಕೆ ಸೇರಿಸಿದರು. ಆಮೇಲೆ ಗೋಡೆಗೊರಗಿ ನೆಲದ ಮೇಲೆ ಕುಳಿತು, ತಮ್ಮ ಸ್ವಂತ ನೋಟ್‌ಬುಕ್ಕಿನ ಖಾಲಿ ಪುಟ ತೆರೆದರು. "ಹೇಳಿ ಕಾಕಾ, ಮೊದಲು ಬಂದೋರು ಯಾರು?"