ಗಡಿಯಾರದವನ ಉತ್ತರ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಿದೆ. ಮೇಲಿನ ಮಹಡಿಯಲ್ಲಿ ಆಪರೇಷನ್ ಮುಗಿದ ಮೇಲೆ ಕತ್ತರಿ, ಚಿಮುಟ, ಚಾಕುಗಳೆಲ್ಲ ರಕ್ತ ಮೆತ್ತಿಕೊಂಡು ಅಲ್ಲಿಗೇ ಇಳಿದು ಬರುತ್ತವೆ. ಅವನ್ನು ಉಜ್ಜಿ, ತೊಳೆದು, ಬಟ್ಟೆಯಲ್ಲಿ ಸುತ್ತಿ, ಪಟ್ಟಿ ಅಂಟಿಸಿ, ಆವಿಯ ಯಂತ್ರಕ್ಕೆ ತುಂಬುವುದು ಅಕ್ಕನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಸೊಂಟ ಹೋಗಿದೆ, ಬೆರಳ ತುದಿಗಳು ಸದಾ ಸುಕ್ಕುಗಟ್ಟಿರುತ್ತವೆ, ಮೇಲಿನ ಡಾಕ್ಟರುಗಳಿಗೆ ಅವಳ ಮುಖದ ಗುರುತೂ ಇಲ್ಲ. ಯಂತ್ರದ ಬಾಗಿಲು ಒಮ್ಮೆ ಹಾಕಿದರೆ ಮುಕ್ಕಾಲು ಗಂಟೆ ತೆಗೆಯುವಂತಿಲ್ಲ. ಆ ಮುಕ್ಕಾಲು ಗಂಟೆ ಅವಳು ಕಬ್ಬಿಣದ ಸ್ಟೂಲಿನ ಮೇಲೆ ಕುಸಿದು ಕೂತು, ಫೋನಿನಲ್ಲಿ ದೋಣಿ ನಡೆಸುತ್ತಾಳೆ.

ನಗಬೇಡಿ. ಅದೊಂದು ಬರೆದು ಆಡುವ ನಾಟಕ. ರಂಗವಿಲ್ಲ, ಬಣ್ಣವಿಲ್ಲ, ಮುಖ ನೋಡಿದವರೂ ಇಲ್ಲ. ಹನ್ನೊಂದು ಜನ ಸೇರಿ ಫೋನಿನಲ್ಲೇ ಒಂದು ಬಂದರು ಕಟ್ಟಿಕೊಂಡಿದ್ದಾರೆ, ಒಬ್ಬೊಬ್ಬರದು ಒಂದೊಂದು ಪಾತ್ರ. ಒಬ್ಬರು ನಾಲ್ಕು ಸಾಲು ಬರೆದು ಬಿಟ್ಟರೆ ಇನ್ನೊಬ್ಬರು ಅಲ್ಲಿಂದ ಮುಂದಕ್ಕೆ ಎಳೆಯಬೇಕು. ನಮ್ಮ ಅಕ್ಕನದು ಅಂಬಿಗಿತ್ತಿಯ ಪಾತ್ರ. ಮೇಲಾಗಿ ಆ ಗುಂಪು ನೋಡಿಕೊಳ್ಳುವವಳೂ ಅವಳೇ. ಅದಕ್ಕೇ ಎಲ್ಲರಿಗೂ ಅವಳು ಅಕ್ಕ, ಅವಳಿಗಿಂತ ದೊಡ್ಡವರಿಗೂ.

ನೋಡಿಕೊಳ್ಳುವುದು ಅಂದರೆ ಸುಮ್ಮನೆ ಅಲ್ಲ, ಜೀವ ಹಿಂಡಿ ಹಿಪ್ಪೆ ಮಾಡುವ ಕೆಲಸ. ಹೊಸಬನೊಬ್ಬ ಬಂದ ದಿನವೇ "ನಾನು ಕತ್ತಿ ಬೀಸಿದೆ, ಅವಳ ತಲೆ ಹಾರಿಹೋಯಿತು" ಅಂತ ಬರೆದು ಕೂತಿದ್ದ. ತಲೆಯ ಒಡತಿ ಅಳುತ್ತಾ ಅಕ್ಕನ ಹತ್ತಿರ ದೂರು ತಂದಳು. ಅಕ್ಕ ಅವನಿಗೆ ಹೇಳಿದಳು: "ಬೀಸೋದು ನಿನ್ನ ಕೈ ಕಣಪ್ಪಾ. ಹಾರಬೇಕೋ ಬೇಡ್ವೋ ಅನ್ನೋದು ಅವಳ ತಲೆಗೆ ಬಿಟ್ಟಿದ್ದು." ಅಲ್ಲಿಂದ ಅದೇ ಗುಂಪಿನ ಮೊದಲ ಕಟ್ಟಳೆಯಾಯಿತು. ಬೇರೆಯವರ ಪಾತ್ರದ ಕೈಕಾಲು ಆಡಿಸಬಾರದು, ಬಾಯಿಗೆ ಮಾತು ತುರುಕಬಾರದು. ನಾಟಕದ ಹೊರಗಿನ ಮಾತಿದ್ದರೆ ಬ್ರಾಕೆಟ್ಟಿನೊಳಗೆ ಹಾಕಬೇಕು. ಯಾರಾದರೂ ಹೇಳದೆ ಕೇಳದೆ ಹದಿನೈದು ದಿನ ಕಾಣೆಯಾದರೆ ಅಕ್ಕ ಅವರ ಪಾತ್ರವನ್ನು ದಾರಿಯಿಂದ ಆಚೆ ಸರಿಸಬಹುದು, ಅದೂ ಒಳಮನೆಗೆ ಕಳಿಸುವಷ್ಟು, ಇಲ್ಲವೇ ನಿದ್ದೆಗೆ ದೂಡುವಷ್ಟು ಮಾತ್ರ.

ಈ ಹನ್ನೊಂದು ಜನರಲ್ಲಿ ಗೂಬೆ ಅಂತ ಒಬ್ಬ. ಹೆಸರು ಅವನೇ ಇಟ್ಟುಕೊಂಡದ್ದು, ಯಾಕೆ ಅಂತ ಅವನನ್ನೇ ಕೇಳಬೇಕು. ಅವನದು ಗಡಿಯಾರ ರಿಪೇರಿ ಮಾಡುವ ಮುದುಕನ ಪಾತ್ರ. ಆಹಾ, ಆ ಮುದುಕ! ಮಾತು ಕಡಿಮೆ, ಆಡಿದರೆ ತೂಕ. ಅಂಬಿಗಿತ್ತಿ ಬಂದು ಗೋಳು ತೋಡಿಕೊಂಡರೆ "ಕೂತ್ಕೋ ತಾಯಿ, ಮುಳ್ಳು ಹನ್ನೆರಡಕ್ಕೆ ಬರ್ಲಿ, ಆಮೇಲೆ ಅಳುವಂತೆ" ಅನ್ನುತ್ತಿದ್ದ. ಅಕ್ಕ ಆ ಕೆಳಗಿನ ಕೋಣೆಯಲ್ಲಿ ಒಬ್ಬಳೇ ಕೂತು ಕಿಸಕ್ಕನೆ ನಗುತ್ತಿದ್ದಳು. ಆರು ವರ್ಷ ಅವರಿಬ್ಬರೂ ಹೀಗೆ ಎದುರುಬದುರು ಬರೆದಿದ್ದಾರೆ.

ಮನೆಯಲ್ಲಿ ಅಮ್ಮ ಕೇಳುತ್ತಿದ್ದಳು, "ಯಾರ ಜೊತೇನೇ ಅದು ಯಾವಾಗ್ಲೂ?"

"ಗೂಬೆ ಜೊತೆ."

"ನಿನ್ನ ಮುಖಕ್ಕೆ ಅದೇ ಸರಿ ಬಿಡು," ಅಂದು ಅಮ್ಮ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಕಥೆ ಒಂದು ಕಟ್ಟಕಡೆಯ ತಿರುವಿಗೆ ಬಂತು. ಸಮುದ್ರ ಉಕ್ಕಿ ಬಂದರು ಮುಳುಗಬೇಕು, ಊರೆಲ್ಲ ದೋಣಿ ಹತ್ತಬೇಕು. ಅಂಬಿಗಿತ್ತಿ ಗಡಿಯಾರದಂಗಡಿಯ ಹೊಸ್ತಿಲಲ್ಲಿ ನಿಂತು ಕೇಳಿದಳು: "ನನ್ನ ಜೊತೆ ಬರ್ತೀರಾ?"

ಗೂಬೆ ಉತ್ತರ ಬರೆಯಲಿಲ್ಲ.

ಒಂದು ದಿನ, ನಾಲ್ಕು ದಿನ, ಒಂಬತ್ತು ದಿನ. ಉಳಿದವರೆಲ್ಲ ಗಂಟುಮೂಟೆ ಕಟ್ಟಿಕೊಂಡು ದಡದಲ್ಲಿ ನಿಂತೇ ಇದ್ದರು, ನೀರು ಮೊಳಕಾಲಿಗೆ ಬಂದು ಅಲ್ಲೇ ನಿಂತಿತ್ತು. ಅಕ್ಕ ಬ್ರಾಕೆಟ್ಟಿನಲ್ಲಿ ಬರೆದಳು, "ಗೂಬೆ, ಹುಷಾರಾಗಿದೀಯಾ?" ಅದಕ್ಕೂ ಸದ್ದಿಲ್ಲ. ಅದೇ ಹೊತ್ತಿಗೆ ಜೊತೆ ಕೆಲಸದವಳು ಹೆರಿಗೆ ರಜೆಗೆ ಹೋದಳು, ಇಬ್ಬರ ಕೆಲಸ ಒಬ್ಬಳ ಹೆಗಲಿಗೆ ಬಿತ್ತು. ಮೇಲಿನಿಂದ ತಟ್ಟೆ ಮೇಲೆ ತಟ್ಟೆ ಇಳಿಯುತ್ತಲೇ ಇತ್ತು. ಮನೆಗೆ ಹೋದರೆ ಅಮ್ಮನ ಮಂಡಿ. ಮೈಯೆಲ್ಲ ಹಣ್ಣಾಗಿ ಹೋಗಿತ್ತು. ಇತ್ತ ಫೋನ್ ತೆಗೆದರೆ ಗುಂಪಿನವರ ರಾಗ: "ಅಕ್ಕಾ, ಇನ್ನೆಷ್ಟು ದಿನ?" "ಅಕ್ಕಾ, ಏನಾದ್ರೂ ಮಾಡಿ." ಇವರಿಗೆಲ್ಲ ಅಕ್ಕನೇ ಬೇಕು, ಅಕ್ಕನಿಗೆ ಯಾರು?

ಹತ್ತೊಂಬತ್ತನೇ ದಿನ ಮಧ್ಯಾಹ್ನ ಯಂತ್ರದ ಬಾಗಿಲು ಹಾಕಿ ಅವಳು ಫೋನ್ ತೆಗೆದಳು. ಮುದುಕನನ್ನು ನಿದ್ದೆಗೆ ಹಾಕಿದ್ದರೆ ಸಾಕಿತ್ತು, ಯಾರಾದರೂ ಹೊತ್ತು ದೋಣಿಯಲ್ಲಿ ಮಲಗಿಸುತ್ತಿದ್ದರು. ಆದರೆ ಬೆರಳು ಬೇರೆಯದನ್ನೇ ಬರೆಯಿತು. "ಬರ್ತೀನಿ ತಾಯಿ, ನಿನ್ನ ಬಿಟ್ಟು ಎಲ್ಲಿರ್ಲಿ" ಅಂದ ಮುದುಕ. ಅಂಗಡಿಗೆ ಬೀಗ ಹಾಕಿದ, ಬೀಗದ ಕೈಯನ್ನು ನೀರಿಗೆಸೆದ, ಅವಳ ಕೈ ಹಿಡಿದು ದೋಣಿ ಹತ್ತಿದ. ಬರೆದು ಮುಗಿಸಿದಾಗ ಅಕ್ಕನ ಕಣ್ಣಲ್ಲಿ ನೀರು. ಸುಳ್ಳು ಯಾಕೆ ಹೇಳಲಿ, ಆ ಮಾತು ಕೇಳಬೇಕು ಅಂತ ಅವಳಿಗೆ ಎಷ್ಟೋ ವರ್ಷದ ಆಸೆ. ಕಟ್ಟಿಕೊಂಡವನು ವರ್ಷ ತುಂಬುವ ಮೊದಲೇ ಬಿಟ್ಟು ಹೋಗಿದ್ದ. ಜೊತೆಗೆ ಬರ್ತೀನಿ ಅಂತ ಅವಳಿಗೆ ಯಾರೂ ಅಂದಿರಲಿಲ್ಲ.

ಗುಂಪಿನವರಿಗಂತೂ ಹಬ್ಬ. ದೋಣಿ ಹೊರಟೇಬಿಟ್ಟಿತು. ಎಂಟು ದಿನದಲ್ಲಿ ಮೂವತ್ತೆರಡು ಕಂತು ಬರೆದರು, ದೋಣಿಯಲ್ಲೇ ಒಂದು ಮದುವೆಯೂ ಆಯಿತು.

ಇಪ್ಪತ್ತೆಂಟನೇ ದಿನ ಗೂಬೆ ಬಂದ. ಅಕ್ಕನೊಬ್ಬಳಿಗೇ ಬರೆದ.

"ಅಕ್ಕಾ, ನಮ್ಮಪ್ಪ ತೀರಿಕೊಂಡರು. ಒಂದು ಸಾಲು ಹೇಳಿ ಹೋಗಬೇಕಿತ್ತು, ಅದು ನನ್ನ ತಪ್ಪು. ನಿಮಗೆ ಒಂದು ವಿಷಯ ಯಾವತ್ತೂ ಹೇಳಿಲ್ಲ. ಗಡಿಯಾರದವನ ಮಾತು ನಾನು ಬರೀತಾ ಇರಲಿಲ್ಲ. ನೀವು ಬರೆದದ್ದನ್ನ ದಿನಾ ಅಪ್ಪನಿಗೆ ಓದಿ ಹೇಳ್ತಿದ್ದೆ, ಅವರು ಏನಂತಾರೋ ಅದನ್ನೇ ಟೈಪ್ ಮಾಡ್ತಿದ್ದೆ. ಹಾಸಿಗೆ ಹಿಡಿದ ಮೇಲೆ ಅವರಿಗೆ ಅದೊಂದೇ ಕೆಲಸ ಇತ್ತು. ಬರ್ತೀರಾ ಅಂತ ನೀವು ಕೇಳಿದ್ದನ್ನೂ ಓದಿ ಹೇಳಿದೆ. ಆಗಲೇ ಮಾತು ನಿಂತುಹೋಗ್ತಾ ಇತ್ತು. ಮೂರು ದಿನ ಯೋಚನೆ ಮಾಡಿ ಉತ್ತರ ಹೇಳಿದರು. ಅವರು ಆಡಿದ ಕಡೇ ಮಾತೇ ಅದು. ಇವತ್ತು ಅದನ್ನ ಹಾಕೋಣ ಅಂತ ಬಂದೆ. ನೋಡಿದರೆ ಜಾಗ ಇಲ್ಲ."

ಅಕ್ಕ ಸ್ಟೂಲಿನಿಂದ ಎದ್ದಳು, ಮತ್ತೆ ಕೂತಳು. ಥೂ ನನ್ನ ಜನ್ಮಕ್ಕಿಷ್ಟು ಅಂದುಕೊಂಡಳು. ಸಾಯುತ್ತಾ ಮಲಗಿದ್ದವನ ಬಾಯಿಂದ ಮಾತು ಕಿತ್ತುಕೊಂಡು, ತನಗೆ ಬೇಕಾದ್ದನ್ನು ತುಂಬಿದ್ದಳಲ್ಲ! ಗೂಬೆ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಬೈಯಲೂ ಇಲ್ಲ.

ಇನ್ನೊಬ್ಬರು ಮುಂದುವರಿಸಿದ ಮೇಲೆ ಕಂತನ್ನು ಅಳಿಸಬೇಕಾದರೆ ಎಲ್ಲರ ಒಪ್ಪಿಗೆ ಬೇಕು, ಅದೂ ಅವಳೇ ಮಾಡಿಟ್ಟ ಕಟ್ಟಳೆ. ಅಕ್ಕ ಗುಂಪಿನಲ್ಲಿ ಬರೆದಳು: "ತಪ್ಪು ನನ್ನದು. ಗೂಬೆಯ ಪಾತ್ರದ ಬಾಯಲ್ಲಿ ನಾನು ಮಾತಾಡಿದೆ, ಅದೂ ನಿಮಗೋಸ್ಕರ ಅಲ್ಲ, ನನ್ನ ಆಸೆಗೆ. ಅವನಿಗೆ ಹೇಳೋದು ಒಂದಿದೆ. ಮೂವತ್ತೆರಡೂ ಕಂತು ತೆಗೀಬೇಕು. ಕೈ ಮುಗಿದು ಕೇಳ್ತಿದೀನಿ." ಅಪ್ಪನ ವಿಷಯ ಎತ್ತಲಿಲ್ಲ, ಅದು ಗೂಬೆ ಹೇಳಬೇಕಾದ್ದು.

ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ಒಬ್ಬ ಎರಡು ದಿನ ಮುನಿಸಿಕೊಂಡ. ಮತ್ತೊಬ್ಬಳು "ಎಷ್ಟು ಕಷ್ಟಪಟ್ಟು ಬರ್ದಿದ್ದೆ ಗೊತ್ತಾ?" ಅಂತ ಪುಟಗಟ್ಟಲೆ ಸಿಡುಕಿದಳು. ಮದುವೆಯಾದವಳು "ಅಯ್ಯೋ, ನನ್ನ ತಾಳಿನೇ ಹೋಯ್ತಲ್ಲಕ್ಕಾ!" ಅಂದಳು, ಆಮೇಲೆ "ಹೋಗ್ಲಿ ಬಿಡಿ, ಇನ್ನೊಂದ್ಸಲ ಆಗ್ತೀನಿ, ಗಂಡನೂ ಅಷ್ಟೇನು ಚೆನ್ನಾಗಿರಲಿಲ್ಲ" ಅಂದಳು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಊಟದ ಡಬ್ಬಿ ಮುಚ್ಚಿಟ್ಟು, ಅಕ್ಕ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆದಳು. ಐದನೇ ದಿನ ಕೊನೆಯವನೂ ಹೂಂ ಅಂದ. ಮೂವತ್ತೆರಡು ಕಂತನ್ನೂ ಅದರ ಹಿಂದಿದ್ದ ತನ್ನದನ್ನೂ ಅಳಿಸಿ, ಅಕ್ಕ ಗೂಬೆಗೆ "ಈಗ ಹೇಳಪ್ಪ" ಅಂತ ಬರೆದಳು.

ಮರುದಿನ ಯಂತ್ರಕ್ಕೆ ಎರಡನೇ ಸಲ ತುಂಬಿ ಕೂತಿದ್ದಾಗ ಉತ್ತರ ಬಂತು.

"ಇಲ್ಲ ತಾಯಿ, ನಾನು ಬರಲ್ಲ. ನೀನು ಕರೆದೆಯಲ್ಲ, ಅಷ್ಟು ಸಾಕು. ಈ ಊರಲ್ಲಿ ಎಲ್ಲರೂ ಟೈಮ್ ಎಷ್ಟು ಅಂತ ಕೇಳಿದರು. ಬರ್ತೀರಾ ಅಂತ ಕೇಳಿದವಳು ನೀನೊಬ್ಬಳೇ. ಹೊರಡು, ನೀರು ಏರ್ತಾ ಇದೆ."

ಅಷ್ಟೇ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮುಖವನ್ನೇ ನೋಡದ ಒಬ್ಬ ಮುದುಕ, ಎಲ್ಲೋ ಒಂದು ಮಂಚದ ಮೇಲೆ, ಮೂರು ದಿನ ಅವಳಿಗೇನು ಹೇಳಲಿ ಅಂತ ಯೋಚಿಸಿದ್ದ. ಅಳು ನಿಂತ ಮೇಲೆ ಬರೆಯಲು ಕೂತಳು. ಮುಂದಿನ ಸರದಿ ಅವಳದೇ. ಅಂಬಿಗಿತ್ತಿ ಅಷ್ಟು ಸುಲಭಕ್ಕೆ ಬಿಡುವವಳಲ್ಲ. ಯಾಕೆ ಬರಲ್ಲ, ಇಲ್ಲಿ ನಿಮ್ಮನ್ನ ನೋಡಿಕೊಳ್ಳೋರು ಯಾರು, ಅಂತ ಐದಾರು ಪ್ರಶ್ನೆ ಬರೆದೇಬಿಟ್ಟಳು. ಇನ್ನೇನು ಕಳಿಸಬೇಕು, ಗೂಬೆಯ ಉತ್ತರದ ಕೆಳಗೆ ಬ್ರಾಕೆಟ್ಟಿನಲ್ಲಿ ಇನ್ನೊಂದು ಸಾಲು ಬಂತು.

"ಅಕ್ಕಾ, ಇನ್ನು ಅವರನ್ನ ಏನೂ ಕೇಳಬೇಡಿ. ನನಗೆ ಉತ್ತರ ಗೊತ್ತಿಲ್ಲ."

ಅಕ್ಕ ಬರೆದ ಪ್ರಶ್ನೆಗಳನ್ನು ಕೊನೆಯಿಂದ ಒಂದೊಂದಾಗಿ ಅಳಿಸಿದಳು. ಆಮೇಲೆ ಅಂಬಿಗಿತ್ತಿ ಮುದುಕನ ಕಾಲು ಮುಟ್ಟಿ, ಹಗ್ಗ ಬಿಚ್ಚಿ, ಒಬ್ಬಳೇ ದೋಣಿ ನೂಕಿದಳು.