ಶುಕ್ರವಾರ ಒಡೆದ ಟಿನ್ನು

ಕಳೆದ ವಾರ ನಾನು ನನ್ನ ಮನೆಯಲ್ಲೇ ಒಂದು ಕಳ್ಳತನ ಮಾಡಿದೆ. ಹಾಡಹಗಲು ಹನ್ನೆರಡು ಗಂಟೆಗೆ, ಸಂತ ಅಂತೋನಿಯವರ ಕಣ್ಣೆದುರೇ.

ಕದ್ದದ್ದು ಒಂದು ಟಿನ್ನು. ಒಳಗೆ ಹಂದಿಮಾಂಸ.

ಈ ಟಿನ್ನಿನ ಚರಿತ್ರೆಯನ್ನು ಮೊದಲು ಹೇಳಬೇಕು. ನನ್ನ ಹೆಂಡತಿ ಲಿಲ್ಲಿಯ ತಮ್ಮ ಸಿರಿಲ್ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಎರಡು ವರ್ಷದ ಹಿಂದೆ ರಜೆಯಲ್ಲಿ ಬಂದಾಗ ಅಕ್ಕನಿಗೆಂದು ತಂದದ್ದು ಇದು. ಮೇಲೆ ಗುಲಾಬಿ ಬಣ್ಣದ ಹಂದಿಯ ಚಿತ್ರ. ಹಂದಿ ನಗುತ್ತಿದೆ (ಅದಕ್ಕೆ ನಗು ಹೇಗೆ ಬಂತೋ ನನಗೆ ಗೊತ್ತಿಲ್ಲ). "ಒಳ್ಳೆಯ ದಿನಕ್ಕೆ ಇರ್ಲಿ" ಎಂದು ಲಿಲ್ಲಿ ಅದನ್ನು ಗಾಜಿನ ಕಪಾಟಿನಲ್ಲಿಟ್ಟಳು. ಒಂದು ಪಕ್ಕ ಸಂತ ಅಂತೋನಿಯವರ ಮೂರ್ತಿ, ಇನ್ನೊಂದು ಪಕ್ಕ ನಮ್ಮ ಮದುವೆಯ ಕೇಕಿನ ಮೇಲಿದ್ದ ಗೊಂಬೆ ಜೋಡಿ, ನಡುವೆ ಹಂದಿ.

ಎರಡು ಕ್ರಿಸ್ಮಸ್ ಬಂತು, ಹೋಯಿತು. ನನ್ನ ಹುಟ್ಟುಹಬ್ಬ ಬಂತು, ಹೋಯಿತು. ಟಿನ್ನು ಕದಲಲಿಲ್ಲ. ಪ್ರತಿ ಶನಿವಾರ ಲಿಲ್ಲಿ ಅದರ ಧೂಳು ಒರೆಸಿ, ಹಂದಿಯ ಮುಖ ಬಾಗಿಲಿನ ಕಡೆ ತಿರುಗಿಸಿ ಇಡುತ್ತಾಳೆ. ಬಂದವರಿಗೆ ಕಾಣಬೇಕಲ್ಲ?

ನಗಬೇಡಿ. ನಿಮ್ಮ ಮನೆಯ ಕಪಾಟು ನಾನು ನೋಡಿಲ್ಲವೆಂದು ತಿಳಿಯಬೇಡಿ. ಪರದೇಶದ ಸಾಬೂನು ಸೀರೆಗಳ ನಡುವೆ ಮಲಗಿ ಸವೆಯದೆ ಮುದಿಯಾಗಿದೆ. ಚಿನ್ನದ ಅಂಚಿನ ಕಪ್ಪುಗಳು ಒಮ್ಮೆಯೂ ಚಹಾ ಕಂಡಿಲ್ಲ. ಕೊಡಿಯಾಲ್‌ಬೈಲ್‌ನ ನಮ್ಮ ಓಣಿಯಲ್ಲೇ ಒಬ್ಬರ ಮನೆಯಲ್ಲಿ ಬೊಂಬಾಯಿಯಿಂದ ಬಂದ ಥರ್ಮಾಸ್ ಉಂಟು. ಅದರ ಮುಚ್ಚಳ ತೆಗೆದವರು ಇಲ್ಲ. ಒಳ್ಳೆಯ ದಿನ ಬರುತ್ತದೆ ಎಂದು ನಾವೆಲ್ಲ ಎಷ್ಟು ಖಂಡಿತವಾಗಿ ನಂಬಿದ್ದೇವೆ, ನೋಡಿ!

ಈಗ ಕಳ್ಳತನದ ದಿನಕ್ಕೆ ಬರುತ್ತೇನೆ.

ನಮ್ಮ ಶಾಲೆಯಲ್ಲಿ ಇನ್‌ಸ್ಪೆಕ್ಷನ್ ಚೆನ್ನಾಗಿ ಮುಗಿಯಿತು. ಆ ಖುಷಿಯಲ್ಲಿ ಹೆಡ್ಮಾಸ್ಟರರು ಮರುದಿನಕ್ಕೆ ರಜೆ ಘೋಷಿಸಿಬಿಟ್ಟರು. ಕೇಳದೆಯೇ ಎಲ್ಲಿಂದಲೋ ಉದುರಿದ ರಜೆ! ಮಾಷ್ಟ್ರ ಕೆಲಸ ಮಾಡಿದವರಿಗೆ ಮಾತ್ರ ಅದರ ರುಚಿ ಗೊತ್ತು. ಬೆಳಿಗ್ಗೆ ಆರೂವರೆಗೆ ಲಿಲ್ಲಿ ಆಸ್ಪತ್ರೆಗೆ ಹೊರಟಳು. ಅವಳು ನರ್ಸು. ಈಗ ಮಕ್ಕಳ ವಾರ್ಡು ಅವಳ ಕೈಯಲ್ಲಿದೆ. ಬಾಗಿಲಿನಿಂದ ಏನೋ ಹೇಳಿದಳು, ಮೀನಿನ ಬಗ್ಗೆ. ನಾನು ಹಾಸಿಗೆಯಿಂದಲೇ "ಹೂಂ" ಎಂದೆ. ಗಂಡಸರ "ಹೂಂ" ಎಂಬುದಕ್ಕೆ ಎಷ್ಟು ಬೆಲೆ ಉಂಟು ಎಂದು ಮದುವೆಯಾದ ಎಲ್ಲ ಹೆಂಗಸರಿಗೂ ಗೊತ್ತು.

ಹನ್ನೊಂದೂವರೆಗೆ ಗೇಟು ಕಿರ್ರೆಂದಿತು. ನೋಡಿದರೆ ಮಾಂಯ್!

(ನಮ್ಮ ಕೊಂಕಣಿಯಲ್ಲಿ ಅತ್ತೆಗೆ ಮಾಂಯ್ ಎನ್ನುತ್ತೇವೆ. ನಮ್ಮ ಮಾತು ನಡೆದದ್ದೂ ಕೊಂಕಣಿಯಲ್ಲೇ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಮಾಂಯ್ ಬೆಳಿಗ್ಗೆ ತಮ್ಮೂರು ಬಜಪೆಯಲ್ಲಿ ಇಗರ್ಜಿಯ ಪೂಜೆಗೆ ಹೋಗಿ, ಅಲ್ಲಿಂದಲೇ ಬಸ್ಸು ಹತ್ತಿ, ಹೊಟ್ಟೆಗೆ ಬರೀ ಒಂದು ಲೋಟ ಕಾಫಿ ಹಾಕಿಕೊಂಡು ಬಂದಿದ್ದರು. ಕೈಯಲ್ಲಿ ಚೀಲ. ಚೀಲದಲ್ಲಿ ಎರಡು ತೆಂಗಿನಕಾಯಿ, ಒಂದು ಕಟ್ಟು ಹಲಸಿನ ಹಪ್ಪಳ. ಕೂತು ಬೆವರು ಒರೆಸಿಕೊಂಡು, ಪೀಠಿಕೆಯಿಲ್ಲದೆ ಹೇಳಿದರು:

"ಪುತಾ, ನಾನು ಲಿಲ್ಲಿಯನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದು."

"ಎಷ್ಟು ದಿನಕ್ಕೆ, ಮಾಂಯ್?"

"ದಿನ ಎಂತದ್ದು? ಕೆಲಸ ಬಿಡ್ಲಿ. ಒಂದು ವರ್ಷ ನನ್ನ ಹತ್ರ ಇರ್ಲಿ. ನಿಮ್ಮ ಮದುವೆ ಆಗಿ ಐದು ವರ್ಷ ಆಯ್ತು. ಬೆಳಿಗ್ಗೆ ಡ್ಯೂಟಿ, ರಾತ್ರಿ ಡ್ಯೂಟಿ ಅಂತ ಓಡುವವಳಿಗೆ ಮಗು ಎಲ್ಲಿಂದ ಆಗ್ಬೇಕು? ಊರಿನ ಮಕ್ಕಳನ್ನೆಲ್ಲ ನೋಡಿಕೊಳ್ತಾಳೆ. ಅವಳದ್ದು?"

ಐದು ವರ್ಷದಿಂದ ಆ ಪ್ರಶ್ನೆ ನಮ್ಮ ಮನೆಯಲ್ಲಿ ಎಲ್ಲಿ ಕೂತಿದೆ ಎಂದು ನಮ್ಮಿಬ್ಬರಿಗೂ ಗೊತ್ತು. ನಾವು ಅದನ್ನು ಸುತ್ತುಬಳಸಿ ಓಡಾಡುತ್ತೇವೆ, ಅಷ್ಟೆ. ಆದರೆ ಕೆಲಸ ಬಿಟ್ಟರೆ ಲಿಲ್ಲಿ ಬಾಡಿಹೋಗುತ್ತಾಳೆ ಎಂಬುದೂ ನನಗೆ ಗೊತ್ತು. ಜ್ವರ ಬಿಟ್ಟ ಮಗುವೊಂದು ಗಂಜಿ ಕೇಳಿತು ಎಂದು ಊಟದ ಹೊತ್ತಿಗೆ ಹೇಳುವಾಗ ಅವಳ ಮುಖ ನೀವು ನೋಡಬೇಕು. ಅವಳಿಲ್ಲದ ಈ ಮನೆಯಲ್ಲಿ ನಾನು ಒಂದು ವರ್ಷ ಇರುವುದು?

ಮಾಂಯ್ ಅಡುಗೆಮನೆಗೆ ಇಣುಕಿದರು. "ಹನ್ನೆರಡು ಆಯ್ತು. ಒಲೆ ತಣ್ಣಗೆ ಉಂಟು. ಇದು ಮನೆಯಾ, ಸತ್ರವಾ?"

ಅದೇ ಹೊತ್ತಿಗೆ ಹಂಚಿನ ಕಾರ್ಖಾನೆಯ ಸೈರನ್ ಕೂಗಿತು. ನನಗೆ ರೋಷ ಬಂತು.

"ನೀವು ಕೂತ್ಕೊಳ್ಳಿ ಮಾಂಯ್. ಅರ್ಧ ಗಂಟೆಯಲ್ಲಿ ಊಟ ಹಾಕ್ತೇನೆ."

"ನೀನು?"

"ನಾನೇ."

"ಎರಡು ಮೊಟ್ಟೆ ಒಡೆದು ಹಾಕು, ಸಾಕು" ಎಂದು ಅವರು ಅನುಮಾನದಿಂದಲೇ ಜಪಸರ ಹಿಡಿದು ಜಗಲಿಯಲ್ಲಿ ಕೂತರು. ನನ್ನ ಅಡುಗೆಗಾಗಿಯೇ ಪ್ರಾರ್ಥಿಸಿರಬೇಕು.

ಅಡುಗೆಮನೆಯಲ್ಲಿ ಏನಿತ್ತು? ಬೆಳಿಗ್ಗೆ ಬಸಿದಿಟ್ಟ ಕುಚ್ಚಲಕ್ಕಿ ಅನ್ನ. ನಾಲ್ಕು ಮೊಟ್ಟೆ. ನೀರುಳ್ಳಿ, ಹಸಿಮೆಣಸು. ಅಷ್ಟರಿಂದ ಮಗಳನ್ನು ಗೆಲ್ಲಲು ಬಂದ ತಾಯಿಯನ್ನು ಗೆಲ್ಲಲಾಗುತ್ತದೆಯೇ? ನನ್ನ ಕಣ್ಣು ಗಾಜಿನ ಕಪಾಟಿನ ಕಡೆ ಹೋಯಿತು. ಹಂದಿ ನನ್ನನ್ನೇ ನೋಡಿ ನಗುತ್ತಿತ್ತು.

ಮುಂದಿನದು ನಿಮಗೆ ಗೊತ್ತು.

ಟಿನ್ನು ಬಿಡಿಸುವುದು ಹೇಗೆಂದು ಗೊತ್ತಾಗದೆ ತೆಂಗಿನಕಾಯಿ ಒಡೆಯುವ ಕತ್ತಿ ತಂದೆ. ನಾಲ್ಕು ಏಟು ಹಾಕಿ, ಹೆಬ್ಬೆರಳು ಕುಯ್ದುಕೊಂಡು, ಮಗುಚಿ ನೋಡಿದರೆ ಅಡಿಯಲ್ಲಿ ಒಂದು ಪುಟ್ಟ ಕೀ ಅಂಟಿಸಿದ್ದಾರೆ! ಅಂಚಿನ ಪಟ್ಟಿಗೆ ಅದನ್ನು ಸಿಕ್ಕಿಸಿ ಗಡಿಯಾರಕ್ಕೆ ಕೊಟ್ಟ ಹಾಗೆ ತಿರುಗಿಸಿದರೆ ಸಾಕು. ಎರಡು ವರ್ಷ ಧೂಳು ಒರೆಸಿದರೂ ಅದು ಯಾಕೆಂದು ನಾವು ಕೇಳಿರಲಿಲ್ಲ.

ಆಮೇಲಿನ ಕೆಲಸ ಸುಲಭ. ಪಂಪ್ ಸ್ಟವ್ ಹಚ್ಚಿದೆ. ಬಾಣಲೆಗೆ ತೆಂಗಿನೆಣ್ಣೆ, ನೀರುಳ್ಳಿ, ಮೆಣಸು. ಮಾಂಸವನ್ನು ಸಣ್ಣ ಚೌಕ ತುಂಡು ಮಾಡಿ ಕೆಂಪಾಗುವವರೆಗೆ ಹುರಿದೆ. ಆಹಾ, ಆ ಚುರುಚುರು ಸದ್ದು! ಅದಕ್ಕೆ ಅನ್ನ ಸುರಿದು, ಒಂದು ಚಮಚ ಉಪ್ಪು ಹಾಕಿ ಮಗುಚಿದೆ. ಪಿಂಗಾಣಿ ಬೋಗುಣಿಗಳಿಗೆ ತುಂಬಿಸಿ, ಒಂದೊಂದರ ಮೇಲೂ ಹಳದಿ ಒಡೆಯದ ಹಾಗೆ ಹುರಿದ ಮೊಟ್ಟೆ ಕೂರಿಸಿದೆ. ಇಪ್ಪತ್ತೈದೇ ನಿಮಿಷ! ಇನ್‌ಸ್ಪೆಕ್ಟರರು ನನ್ನ ಪಾಠ ಹೊಗಳಿದಾಗಲೂ ನಾನು ಇಷ್ಟು ಬೀಗಿರಲಿಲ್ಲ.

ಮಾಂಯ್ ಮುಂದೆ ಬೋಗುಣಿ ಇಟ್ಟೆ. ಅವರು ಶಿಲುಬೆಯ ಗುರುತು ಮಾಡಿ ಚಮಚ ಎತ್ತಿದರು.

ಆಗ ಗೇಟಿನಿಂದ ಕೂಗು ಬಂತು. "ಮಾಷ್ಟ್ರೇ, ಮೀನ್ ಬೋಡಾ?"

ಮೀನು ಮಾರುವ ಕಮಲಕ್ಕ, ಮೀನು ಬೇಕಾ ಎಂದು ತುಳುವಿನಲ್ಲಿ. "ಇವತ್ತು ಬೇಡ ಕಮಲಕ್ಕ" ಎಂದೆ.

"ಎಂತ ಮಾರಾಯ್ರೆ! ಶುಕ್ರವಾರ ನಿಮ್ಮವರೇ ಬೇಡ ಅಂದ್ರೆ ನನ್ನ ಬುಟ್ಟಿ ಹೇಗೆ ಖಾಲಿ ಆಗುದು?"

ಶುಕ್ರವಾರ!

ರಜೆ ಸಿಕ್ಕಿದ ದಿನವೆಂದರೆ ಶನಿವಾರ ಎಂದು ನನ್ನ ತಲೆ ತಾನಾಗಿಯೇ ತೀರ್ಮಾನಿಸಿಬಿಟ್ಟಿತ್ತು. (ಗೊತ್ತಿಲ್ಲದ ಓದುಗರಿಗೆ: ಶುಕ್ರವಾರ ನಾವು ಮಾಂಸ ತಿನ್ನುವ ಹಾಗಿಲ್ಲ. ಮೀನು, ಮೊಟ್ಟೆ ಆಗುತ್ತದೆ. ಕಾಯಿಲೆಯವರಿಗೆ, ಇನ್ನು ಕೆಲವರಿಗೆ ವಿನಾಯಿತಿ ಉಂಟು. ಮರೆಗುಳಿ ಮಾಷ್ಟ್ರುಗಳಿಗೆ ಇಲ್ಲ.)

ಮಾಂಯ್ ಚಮಚದಿಂದ ಮೊಟ್ಟೆಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದರು. ಕೆಳಗಿದ್ದದ್ದನ್ನು ನೋಡಿದರು. ಕಪಾಟಿನ ಖಾಲಿ ಜಾಗ ನೋಡಿದರು. ನನ್ನನ್ನು ನೋಡಿದರು.

"ಸಿರಿಲ್ ತಂದದ್ದಾ?"

"ಹೌದು ಮಾಂಯ್."

"ಶುಕ್ರವಾರ?"

"ಹೌದು ಮಾಂಯ್."

ನನ್ನ ಅತ್ತೆಯ ಬದುಕಿನಲ್ಲಿ ಎರಡು ನಿಯಮಗಳಿವೆ. ಶುಕ್ರವಾರ ಮಾಂಸ ಮುಟ್ಟಬಾರದು. ಯಾವ ವಾರವೂ ಊಟ ಬಿಸಾಡಬಾರದು. ಅರುವತ್ತು ವರ್ಷದಲ್ಲಿ ಈ ಎರಡು ನಿಯಮಗಳು ಒಂದೇ ಬೋಗುಣಿಯಲ್ಲಿ ಎದುರುಬದುರಾದದ್ದು ಇದೇ ಮೊದಲು. ಅದೂ ಅವರ ಮಗ ಹಡಗಿನಲ್ಲಿ ಹೊತ್ತು ತಂದ ಮಾಂಸ. ನಾಳೆಗೆ ಇಡೋಣವೆಂದರೆ ನಮ್ಮ ಮಂಗಳೂರಿನ ಸೆಕೆಯಲ್ಲಿ ಸಂಜೆಗೇ ಹಳಸುತ್ತದೆ. ಫ್ರಿಜ್ಜು ಇಡಲು ನಾವೇನು ಕಲೆಕ್ಟರರೇ?

ಮಾಂಯ್ ಚಮಚ ಕೆಳಗಿಟ್ಟರು. ನಂತರ ತೀರ್ಪು ಬಂತು.

"ಮೊಟ್ಟೆ ಮಾಂಸ ಅಲ್ಲ. ಅನ್ನ ಮಾಂಸ ಅಲ್ಲ. ಒಂದು ಸಾಸರ್ ತಾ."

ತುಂಡುಗಳನ್ನು ಒಂದೊಂದಾಗಿ ಹೆಕ್ಕಿ ಸಾಸರಿಗೆ ಹಾಕಿದರು. ನಾನೂ ಹೆಕ್ಕಿದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಉಳಿದ ಅನ್ನ ಮತ್ತು ಮೊಟ್ಟೆಯನ್ನು ಮಾಂಯ್ ಒಂದು ಅಗುಳೂ ಬಿಡದೆ ಉಂಡರು.

"ಅನ್ನಕ್ಕೆ ಹುರಿದ ಪರಿಮಳ ಹಿಡ್ದಿದೆಯಲ್ಲ, ಮಾಂಯ್?" ಎಂದು ನಾನು ಹೆದರಿ ಕೇಳಿದೆ.

"ಪರಿಮಳದ ಲೆಕ್ಕ ದೇವರು ಇಡುವುದಿಲ್ಲ. ಇನ್ನೊಂಚೂರು ಹಾಕು."

ಎರಡೂವರೆಗೆ ಲಿಲ್ಲಿ ಬಂದಳು. ತಾಯಿಯನ್ನು ಕಂಡು ಮುಖ ಅರಳಿತು. ಮರುಕ್ಷಣ ಕಪಾಟಿನ ಕಡೆ ನೋಡಿದಳು.

ಅವಳು ಚೀಲ ಕೆಳಗಿಟ್ಟಳು. ಕೈ ತೊಳೆದು ಬಂದು ಕೂತು, ಸಾಸರನ್ನು ಹತ್ತಿರ ಎಳೆದುಕೊಂಡು, ಒಂದು ತುಂಡು ಬಾಯಿಗೆ ಹಾಕಿದಳು. ಇನ್ನೊಂದು. ಮತ್ತೊಂದು.

"ಲಿಲ್ಲೀ!" ಮಾಂಯ್ ಚೀರಿದರು. "ಇವತ್ತು ಶುಕ್ರವಾರ!"

"ಗೊತ್ತುಂಟು ಅಮ್ಮ. ನನಗೆ ಇಲ್ಲ."

"ಇಲ್ಲ ಅಂದ್ರೆ?"

"ಇನ್ನು ಕೆಲವು ತಿಂಗಳು ನನಗೆ ಶುಕ್ರವಾರ ಇಲ್ಲ. ಚೆನ್ನಾಗಿ ಮಾಂಸ, ಮೊಟ್ಟೆ ತಿನ್ಬೇಕು ಅಂತ ಡಾಕ್ಟ್ರಮ್ಮ ಹೇಳಿದ್ದಾರೆ. ನಿನ್ನೆ ಪಾದ್ರಿಗಳ ಹತ್ರವೂ ಕೇಳಿ ಬಂದೆ. ತಿನ್ನು ಅಂದ್ರು."

ಮಾಂಯ್ ಕೈಯಿಂದ ಜಪಸರ ಜಾರಿ ನೆಲಕ್ಕೆ ಬಿತ್ತು. ಅವರು ಬಾಯಿಗೆ ಸೆರಗು ಒತ್ತಿಕೊಂಡು ಅಳಲು ಶುರು ಮಾಡಿದರು.

ನನಗೆ ಗಾಬರಿಯಾಯಿತು. "ಲಿಲ್ಲಿ, ಎಂತ ಆಯ್ತು? ರಕ್ತ ಕಮ್ಮಿ ಉಂಟಾ? ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

ತಾಯಿ ಮಗಳು ಇಬ್ಬರೂ ನನ್ನನ್ನು ನೋಡಿದರು. ಅಳುತ್ತಿದ್ದ ಮಾಂಯ್ ನಗಲು ಶುರು ಮಾಡಿದರು. ನಗುತ್ತಿದ್ದ ಲಿಲ್ಲಿ ಅಳಲು ಶುರು ಮಾಡಿದಳು.

"ಪುತಾ," ಎಂದರು ಮಾಂಯ್, ಕಣ್ಣೊರೆಸಿಕೊಂಡು, "ಬಸುರಿಗೆ ಶುಕ್ರವಾರ ಇಲ್ಲ. ಅಷ್ಟೂ ಗೊತ್ತಿಲ್ವಾ ನಿನಗೆ?"

ಗೊತ್ತಿರಲಿಲ್ಲ. ಐದು ವರ್ಷ ನಮ್ಮ ಮನೆಯಲ್ಲಿ ಅದನ್ನು ತಿಳಿದುಕೊಳ್ಳುವ ಅಗತ್ಯವೇ ಬಿದ್ದಿರಲಿಲ್ಲ. ಆ ಕ್ಷಣ ನನಗೆ ಏನಾಯಿತೆಂದು ಬರೆಯಲು ಹೋಗುವುದಿಲ್ಲ. ನಾನು ಹೆದರಿ ಉಣ್ಣದೆ ಬಿಟ್ಟಿದ್ದ ನನ್ನ ಬೋಗುಣಿಯ ಮೊಟ್ಟೆಯನ್ನೂ ಎತ್ತಿ ಲಿಲ್ಲಿಯ ಸಾಸರಿಗೆ ಹಾಕಿದೆ ಎಂಬುದು ಮಾತ್ರ ನೆನಪಿದೆ. ಹಾಕುವ ಆತುರದಲ್ಲಿ ಹಳದಿ ಒಡೆದುಹೋಯಿತು.

"ನಿಮಗೆ ಇವತ್ತು ಸಂಜೆ ಹೇಳ್ಬೇಕು ಅಂತ ಇದ್ದೆ" ಎಂದಳು ಲಿಲ್ಲಿ. "ಟಿನ್ ಇಳಿಸಿ, ಮೇಜಿನ ಮೇಲೆ ಇಟ್ಟು, ಭಾನುವಾರ ಒಡೆಯುವ ಅಂತ ಹೇಳುದು. ಆಗ ನೀವು ಯಾಕೆ ಅಂತ ಕೇಳ್ತೀರಿ. ಎಲ್ಲ ಹಾಳು ಮಾಡಿದ್ರಿ."

ನಾನು ಕದ್ದದ್ದು ಟಿನ್ನನ್ನಲ್ಲ, ಅವಳು ಇಷ್ಟು ದಿನ ಕಾದಿಟ್ಟ ಆ ಗಳಿಗೆಯನ್ನು. ಆದರೂ ಬೈಯುವಾಗ ಅವಳು ನಗುತ್ತಲೇ ಇದ್ದಳು.

ಮಾಂಯ್ ಅಷ್ಟರಲ್ಲಿ ಚೇತರಿಸಿಕೊಂಡು ಮೂಲ ವಿಷಯಕ್ಕೆ ಬಂದರು. "ಹಾಗಾದ್ರೆ ಇನ್ನು ಕೆಲಸ ಬೇಡ. ನಾಳೆಯೇ ಹೊರಡು."

"ಏಳು ತಿಂಗಳು ಆಗುವಾಗ ಬರ್ತೇನೆ ಅಮ್ಮ. ಮೇ ತಿಂಗಳಲ್ಲಿ ಹೆರಿಗೆ, ಬಾಣಂತನ ನಿನ್ನ ಹತ್ರವೇ. ಆದ್ರೆ ಕೆಲಸ ಬಿಡುದಿಲ್ಲ. ಮಗು ಆದ ಮೇಲೆ ವಾಪಸು ಸೇರ್ತೇನೆ."

"ಮತ್ತೆ ಮನೆಯಲ್ಲಿ ಬೇಯಿಸಿ ಹಾಕುವವರು ಯಾರು?"

ಲಿಲ್ಲಿ ತಾಯಿಯ ಖಾಲಿ ಬೋಗುಣಿಯನ್ನು ತೋರಿಸಿದಳು. ಒಂದು ಅಗುಳೂ ಉಳಿದಿರಲಿಲ್ಲ. ಸಾಕ್ಷಿ ಅಲ್ಲೇ ಇತ್ತು.

ಮಾಂಯ್ ಬೋಗುಣಿ ನೋಡಿದರು, ನನ್ನನ್ನು ನೋಡಿದರು. ಬಟ್ಟೆ ಸುತ್ತಿದ ನನ್ನ ಹೆಬ್ಬೆರಳನ್ನೂ ನೋಡಿದರು.

"ಉಪ್ಪು ಜಾಸ್ತಿ ಆಗಿತ್ತು. ಟಿನ್ನಿನ ಮಾಂಸಕ್ಕೆ ಮೊದಲೇ ಉಪ್ಪು ಉಂಟು, ಮೇಲಿಂದ ಹಾಕುದಲ್ಲ" ಎಂದರು. ಲಿಲ್ಲಿಯ ಕಡೆ ತಿರುಗಿ, "ಅಡ್ಡಿ ಇಲ್ಲ. ಕಲೀತಾನೆ" ಎಂದರು.

ಐದು ವರ್ಷದಲ್ಲಿ ಅತ್ತೆ ನನಗೆ ಕೊಟ್ಟ ಮೊದಲ ಸರ್ಟಿಫಿಕೇಟು. ಸಂಜೆಯ ಬಸ್ಸಿಗೆ ಅವರು ಒಬ್ಬರೇ ಬಜಪೆಗೆ ಹೋದರು. ಹೋಗುವ ಮೊದಲು ಖಾಲಿ ಟಿನ್ನನ್ನು ಬೂದಿ ಹಾಕಿ ತೊಳೆದು, ಒರೆಸಿ, ಹಂದಿಯ ಮುಖ ಬಾಗಿಲಿನ ಕಡೆ ತಿರುಗಿಸಿ ಮತ್ತೆ ಕಪಾಟಿನಲ್ಲಿ ಇಟ್ಟೇ ಹೋದರು. ಸಿರಿಲ್ ಬಂದಾಗ ಬೇಜಾರಾಗಬಾರದಂತೆ.

ಇಷ್ಟನ್ನು ಪೇಪರಿನಲ್ಲಿ ಬರೆಯಲು ಲಿಲ್ಲಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಅಡುಗೆಮನೆಯಲ್ಲಿ ಒಂದು ಕ್ಯಾಲೆಂಡರ್ ತೂಗುಹಾಕಬೇಕು, ದಿನಾ ಬೆಳಿಗ್ಗೆ ಅದನ್ನು ನೋಡಿಯೇ ಸ್ಟವ್ ಹಚ್ಚಬೇಕು. ತೂಗುಹಾಕಿದ್ದೇನೆ, ನೋಡುತ್ತಿದ್ದೇನೆ. ಬೆಳಿಗ್ಗೆ ಮಾತ್ರವಲ್ಲ, ದಿನಕ್ಕೆ ಹತ್ತು ಸಲ. ಈಗಿನ್ನೂ ಅಕ್ಟೋಬರ್.

ಮೇ ತಿಂಗಳು ಬರಲು ಇಷ್ಟು ತಡವೇ, ಸ್ವಾಮಿ?